ವಯಸ್ಸಾದ ನಾಯಿ ಬೆಕ್ಕಿಗೆ ಏನೋ ಆಗಿದೆ ಅಂತ ಮನೇಲೇ ಗೊತ್ತು ಮಾಡ್ಕೊಳ್ಳೋದು ಹೆಂಗೆ

ನಮ್ಮನೆ ನಾಯಿ ಕಾಳಂಗೆ 11 ವರ್ಷ ಆಗಿದ್ದಾಗ, ಒಂದು ಮಳೆಗಾಲ, ರಾತ್ರಿ ಎರಡೆರಡು ಸಲ ಎದ್ದು ಬಚ್ಚಲುಮನೆ ಬಾಗಿಲು ಕೆರೆಯೋಕೆ ಶುರು ಮಾಡ್ದ. ಅದಕ್ಕೂ ಮೊದ್ಲು ಹಂಡೆ ಒಲೆ ಬುಡದಲ್ಲಿ ಬೂದಿ ಪಕ್ಕ ಸುತ್ಕೊಂಡು ಮಲಗಿದ್ರೆ ಬೆಳಿಗ್ಗೆ ನಾನು ಹಾಲು ಕರೆಯೋಕೆ ಎದ್ದಾಗ್ಲೇ ಅವನೂ ಏಳ್ತಿದ್ದಿದ್ದು. ಬಾಗಿಲು ತೆಗೆದ್ರೆ ಆ ಜಡಿಮಳೇಲೂ ಅಂಗಳಕ್ಕೆ ಹೋಗಿ ಎಷ್ಟೋ ಹೊತ್ತು ಉಚ್ಚೆ ಹೊಯ್ದು ಬರ್ತಿದ್ದ, ಬಂದವನೇ ಬಕೆಟ್ಟಿಗೆ ಬಾಯಿ ಹಾಕಿ ಲಪಲಪ ಅಂತ ಕುಡಿಯೋದು. ಅತ್ತೆ "ವಯಸ್ಸಾಯ್ತಲ್ಲ, ಮನುಷ್ಯರಿಗೂ ಹಂಗೇ ಅಲ್ವಾ" ಅಂದ್ರು, ನಾನೂ ಹೌದು ಅಂದ್ಕೊಂಡೆ, ತೋಟಕ್ಕೆ ಔಷಧಿ ಹೊಡೆಸೋ ಗಡಿಬಿಡಿ ಬೇರೆ. ದೀಪಾವಳಿ ಹೊತ್ತಿಗೆ ಅನ್ನದ ತಟ್ಟೆ ಮೂಸಿ ಹಿಂದೆ ಸರಿಯೋಕೆ ಶುರು ಮಾಡಿದ ಮೇಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು, ರಕ್ತ ಟೆಸ್ಟ್ ಮಾಡಿಸಿದ್ರೆ ಕಿಡ್ನಿ ಹೋಗಿತ್ತು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ಕಸ) ಏರೋ ಹೊತ್ತಿಗೆ ಕಿಡ್ನಿ ಕೆಲಸ ಹೆಚ್ಚುಕಮ್ಮಿ ಮುಕ್ಕಾಲು ಭಾಗ ನಿಂತುಹೋಗಿರುತ್ತೆ, ನೀರು ಜಾಸ್ತಿ ಕುಡಿಯೋದು ಉಚ್ಚೆ ಜಾಸ್ತಿ ಆಗೋದು ಅದಕ್ಕಿಂತ ಮುಂಚೇನೇ ಶುರುವಾಗಿರುತ್ತೆ ಅಂತ ಆವಾಗ ಗೊತ್ತಾಯ್ತು. ಅಂದ್ರೆ ಅವನು ಆಷಾಢದಲ್ಲೇ ಬಾಗಿಲು ಕೆರೆದು ಹೇಳಿದ್ದ, ನಮಗೆ ಕೇಳಿದ್ದು ಕಾರ್ತೀಕದಲ್ಲಿ.

ಆಮೇಲಿಂದ ಮನೇಲಿ ಯಾರಾದ್ರೂ "ವಯಸ್ಸಾಯ್ತು ಬಿಡು" ಅಂದ ಕೂಡ್ಲೇ ನಾನು ತಿರುಗಿ ಕೇಳೋದು ಒಂದೇ, ಹೋದ ವರ್ಷ ಹಿಂಗಿತ್ತಾ? ಇಲ್ಲ ಅಂದ್ರೆ ಅದನ್ನ ವಯಸ್ಸಿನ ತಲೆಗೆ ಕಟ್ಟೋದಲ್ಲ, ಯಾಕೆ ಅಂತ ನೋಡ್ಬೇಕು. ಈಗ ನಮ್ಮನೇಲಿ ಇರೋದು ಬೆಳ್ಳಿ ಅಂತ ಊರುನಾಯಿ, 9 ವರ್ಷ, ಮತ್ತೆ ಸೋಮು ಅಂತ ಬೆಕ್ಕು, ಅವನಿಗೆ 12 ದಾಟಿದೆ. ಇವರಿಬ್ಬರನ್ನ ನೋಡ್ಕೊಳ್ತಾ, ದನದ ಡಾಕ್ಟ್ರನ್ನ ಬೇಜಾರಾಗೋವಷ್ಟು ಪ್ರಶ್ನೆ ಕೇಳ್ತಾ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟ್ರಲ್ಲ, ಇದರಲ್ಲಿ ಔಷಧಿ ಹೇಳೋದಿಲ್ಲ, ಡಾಕ್ಟ್ರ ಹತ್ರ ಯಾವಾಗ ಓಡ್ಬೇಕು ಅನ್ನೋದಷ್ಟೇ.

ವಯಸ್ಸಾಗಿದೆ ಅಂತ ಯಾವಾಗಿಂದ ಲೆಕ್ಕ ಅಂದ್ರೆ, ಊರುನಾಯಿ, ಪಾಮೇರಿಯನ್ ಥರದವಕ್ಕೆ 8 ವರ್ಷದ ಮೇಲೆ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರ ದೊಡ್ಡ ಜಾತಿಗೆ 6-7ಕ್ಕೇ, ಬೆಕ್ಕಿಗೆ 10 ದಾಟಿದ ಮೇಲೆ ಅಂತ ಇಟ್ಕೊಳ್ಳಿ. ಯಾವ ವರ್ಷ ಹುಟ್ಟಿದ್ದು ಅಂತ ನೆನಪಿಲ್ದಿದ್ರೆ ಮನೇಲಿ ಮದುವೆ, ಗೃಹಪ್ರವೇಶ ಯಾವಾಗ ಆಯ್ತು, ಆಗ ಇದು ಮರಿ ಇತ್ತಾ ಅಂತ ಕೇಳಿದ್ರೆ ಅಮ್ಮಂದಿರು ಕರೆಕ್ಟಾಗಿ ಹೇಳ್ತಾರೆ.

ಮೊದಲನೇದು ನೀರು. ನಮ್ಮ ಕಡೆ ಇದೇ ದೊಡ್ಡ ಕಷ್ಟ ಯಾಕಂದ್ರೆ ನಾಯಿ ಎಲ್ಲೆಲ್ಲೋ ಕುಡಿಯುತ್ತೆ, ಕೊಟ್ಟಿಗೆ ಮರಿಗೆ, ಬಚ್ಚಲ ಕಾಲುವೆ, ಮಳೆಗಾಲದಲ್ಲಂತೂ ಅಂಗಳದ ತುಂಬ ನೀರೇ. ಹಂಗಾಗಿ ಒಂದೆರಡು ದಿನ ಕಟ್ಟಿಹಾಕಿ ಅಥವಾ ಒಳಗೇ ಇಟ್ಕೊಂಡು ಅಳೀಬೇಕು. 1 ಲೀಟರ್ ಬಾಟ್ಲಿ ತುಂಬಿಸಿ ಅದರಿಂದ್ಲೇ ಬಟ್ಟಲಿಗೆ ಹಾಕ್ತಾ ಹೋಗಿ, 24 ಗಂಟೆ ಆದಮೇಲೆ ಬಟ್ಟಲಲ್ಲಿ ಉಳಿದಿದ್ದನ್ನ ವಾಪಸ್ ಬಾಟ್ಲಿಗೆ ಸುರಿದು ನೋಡಿ. ಆರೋಗ್ಯವಾಗಿರೋ ನಾಯಿ ಮಾಮೂಲಿಯಾಗಿ ಕೆಜಿಗೆ 40ರಿಂದ 60 ಎಂಎಲ್ ಕುಡಿಯುತ್ತೆ, ಅಂದ್ರೆ 15 ಕೆಜಿ ನಾಯಿಗೆ ಮುಕ್ಕಾಲು ಲೀಟರ್ ಆಸುಪಾಸು. ಕೆಜಿಗೆ 100 ಎಂಎಲ್ ದಾಟ್ತು, ಅಂದ್ರೆ ಅದೇ ನಾಯಿ ದಿನಕ್ಕೆ ಒಂದೂವರೆ ಲೀಟರ್ ಮೇಲೆ ಕುಡೀತಿದೆ ಅಂದ್ರೆ ಸುಮ್ನೆ ಇರೋ ಹಂಗಿಲ್ಲ. ಬೆಕ್ಕಿಗೆ ಕೆಜಿಗೆ 50 ಎಂಎಲ್ ದಾಟಿದ್ರೇ ಜಾಸ್ತಿ. ಅನ್ನ ಮಜ್ಜಿಗೆ, ಗಂಜಿ ತಿನ್ನೋ ನಾಯಿ ಕಮ್ಮಿ ಕುಡಿಯುತ್ತೆ, ಪ್ಯಾಕೆಟ್ಟಿನ ಒಣ ಕಾಳು ತಿನ್ನೋದು ಜಾಸ್ತಿ ಕುಡಿಯುತ್ತೆ, ಆ ವ್ಯತ್ಯಾಸ ಇದ್ದೇ ಇರುತ್ತೆ, ಅದಕ್ಕೇ ಚೆನ್ನಾಗಿರೋವಾಗ್ಲೇ ಒಂದ್ಸಲ ಅಳೆದು ಬರೆದಿಟ್ಕೊಂಡ್ರೆ ಆಮೇಲೆ ಹೋಲಿಸೋಕೆ ಬರುತ್ತೆ.

ನೀರು ಜಾಸ್ತಿ ಆಗಿದ್ರೆ ಹಿಂದೆ ಇರೋದು ಮುಖ್ಯವಾಗಿ ಮೂರು ನಾಲ್ಕು ಕಾಯಿಲೆ. ಕಿಡ್ನಿ ಒಂದು, ಇದರಲ್ಲಿ ನಿಧಾನಕ್ಕೆ ಮೈ ಇಳಿಯುತ್ತೆ, ಊಟ ಸೇರಲ್ಲ, ಬೆಳಿಗ್ಗೆ ಹಳದಿ ನೀರು ವಾಂತಿ, ಬಾಯಿ ಒಂಥರ ಉಚ್ಚೆ ಉಚ್ಚೆ ವಾಸನೆ. ಸಕ್ಕರೆ ಕಾಯಿಲೆ ಇನ್ನೊಂದು, ನಾಯಿ ಬೆಕ್ಕಿಗೂ ಶುಗರ್ ಬರುತ್ತಾ ಅಂತ ನಗ್ತಾರೆ ಜನ, ಬರುತ್ತೆ, ಇದರಲ್ಲಿ ಚೆನ್ನಾಗಿ ತಿಂತಾನೇ ಇರುತ್ತೆ ಆದ್ರೂ ಸೊರಗ್ತಾ ಹೋಗುತ್ತೆ, ನಾಯಿಗೆ ಕೆಲವೇ ವಾರದಲ್ಲಿ ಕಣ್ಣು ಬೆಳ್ಳಗಾಗಿಬಿಡಬಹುದು, ಬೆಕ್ಕಾದ್ರೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯೋಕೆ ಶುರು ಮಾಡುತ್ತೆ. ಒಂದು ಅನುಮಾನಕ್ಕೆ ಉಚ್ಚೆಗೆ ಇರುವೆ ಮುತ್ತುತ್ತಾ ಅಂತ ನೋಡ್ತಾರೆ ಹಳ್ಳಿ ಕಡೆ, ಮುತ್ತಿದ್ರೆ ಟೆಸ್ಟ್ ಮಾಡಿಸಿ, ಮುತ್ತದಿದ್ರೆ ಏನಿಲ್ಲ ಅಂತ ಮಾತ್ರ ಅಂದ್ಕೋಬೇಡಿ.

ಮೂರನೇದನ್ನ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಇದರಲ್ಲಿ ದಿನಗಳ ಲೆಕ್ಕ ಅಲ್ಲ ಗಂಟೆಗಳ ಲೆಕ್ಕ. ಆಪರೇಷನ್ ಮಾಡಿಸದೇ ಇರೋ ಹೆಣ್ಣುನಾಯಿಗೆ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಗರ್ಭಕೋಶದಲ್ಲಿ ಕೀವು ತುಂಬ್ಕೊಳ್ಳಬಹುದು, ಡಾಕ್ಟ್ರು ಪಯೋಮೆಟ್ರಾ ಅಂತಾರೆ. ಪಕ್ಕದ ಮನೆಯವ್ರ ನಾಯಿಗೆ ಹಿಂಗೇ ಆಗಿದ್ದು. ಗೌರಿ ಹಬ್ಬದ ಹೊತ್ತಿಗೆ ಬೆದೆಗೆ ಬಂದಿತ್ತು, ತಿಂಗಳು ಕಳೆದ ಮೇಲೆ ಮಂಕಾಗಿ ಕೂತ್ಕೊಳ್ಳೋದು, ನೀರು ನೀರು ಅನ್ನೋದು, ಹೊಟ್ಟೆ ಒಂಚೂರು ದಪ್ಪ, ಅವರು ಗಬ್ಬ ಆಗಿದೆ ಅಂದ್ಕೊಂಡು ಮೊಟ್ಟೆ ಹಾಕ್ತಾ ಕೂತಿದ್ರು. ಬಾಲದ ಕೆಳಗೆ ನೆಕ್ಕಿ ನೆಕ್ಕಿ ಒದ್ದೆ ಮಾಡ್ಕೊಳ್ತಿತ್ತು, ನೆಕ್ಕಿ ಬಿಡ್ತಿದ್ದಿದ್ರಿಂದ ಕೀವು ಯಾರ ಕಣ್ಣಿಗೂ ಬೀಳ್ಲಿಲ್ಲ. ಅದು ಮಲಗಿದ್ದ ಗೋಣಿಚೀಲ ಎತ್ತಿ ಮೂಸಿದ್ರೆ ಗೊತ್ತಾಯ್ತು, ಕೊಳೆತ ವಾಸನೆ, ಕೆಂಪು ಕಂದು ಕಲೆ. ಅವತ್ತೇ ಆಪರೇಷನ್ ಆಗಿ ಬದುಕ್ತು. ಕೆಲವು ನಾಯಿಗಳಲ್ಲಿ ಗರ್ಭಕೋಶದ ಬಾಯಿ ಮುಚ್ಕೊಂಡು ಕೀವು ಹೊರಗೆ ಬರೋದೇ ಇಲ್ಲ, ಅದು ಇನ್ನೂ ಅಪಾಯ, ಒಳಗೇ ಒಡೆದ್ರೆ ಮುಗೀತು. ಹಂಗಾಗಿ ಹೆಣ್ಣುನಾಯಿ ಬೆದೆಗೆ ಬಂದ ದಿನ ಕ್ಯಾಲೆಂಡರಲ್ಲಿ ಒಂದು ಗುರುತು ಹಾಕಿಡಿ, ಬೆದೆ ಮುಗಿದ ಮೇಲೆ ಎರಡು ತಿಂಗಳು ಕಣ್ಣಿಡಿ.

ಇನ್ನೊಂದು ಮಾತು, ಮನೆಯೊಳಗೆ ಉಚ್ಚೆ ಮಾಡ್ತಿದೆ ಅಂತ ರಾತ್ರಿ ನೀರಿನ ಬಟ್ಟಲು ಎತ್ತಿಡ್ತಾರಲ್ಲ, ದಯವಿಟ್ಟು ಅದೊಂದು ಮಾಡ್ಬೇಡಿ. ಅದು ನೀರು ಕುಡಿದಿದ್ದಕ್ಕೆ ಉಚ್ಚೆ ಹೋಗ್ತಿರೋದಲ್ಲ, ಹಿಡಿದಿಟ್ಟುಕೊಳ್ಳೋಕೆ ಆಗ್ದೆ ಹೋಗ್ತಿರೋದು, ಅದನ್ನ ತುಂಬಿಸೋಕೆ ಕುಡೀತಿರೋದು. ನೀರು ನಿಲ್ಲಿಸಿದ್ರೆ ಒಣಗಿ ಬೀಳುತ್ತೆ.

ತೂಕದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲ ಇದೆ, ಅಡಿಕೆ ಬೆಳೆಯೋ ಎಷ್ಟೋ ಮನೆಗಳಲ್ಲಿ ತೂಕದ ಮೆಷಿನ್ ಇದ್ದೇ ಇರುತ್ತೆ. ನಾನು ತಿಂಗಳ ಮೊದಲ ಭಾನುವಾರ ಅಡಿಕೆ ಬುಟ್ಟಿ ಮೆಷಿನ್ ಮೇಲಿಟ್ಟು ಸೊನ್ನೆ ಮಾಡಿ ಬೆಳ್ಳಿನ ಅದರಲ್ಲಿ ಕೂರಿಸ್ತೀನಿ, ಒಂದು ತುಂಡು ಬೆಲ್ಲ ತೋರಿಸಿದ್ರೆ ಹತ್ತು ಸೆಕೆಂಡ್ ಅಲ್ಲಾಡದೆ ಕೂರ್ತಾಳೆ. (ಬೆಲ್ಲ ಕೊಡ್ಬಾರ್ದು ಗೊತ್ತು, ಕಡ್ಲೆಕಾಳಿನಷ್ಟು.) ಮೆಷಿನ್ ಇಲ್ದವ್ರು ನಾಯಿ ಎತ್ಕೊಂಡು ನಿಂತು ಒಂದ್ಸಲ, ಬರೀ ನೀವು ಒಂದ್ಸಲ ತೂಕ ನೋಡಿ ಕಳೆದ್ರೆ ಆಯ್ತು. 18 ಕೆಜಿ ನಾಯಿ ಒಂದೆರಡು ತಿಂಗಳಲ್ಲಿ 16ಕ್ಕೆ ಬಂತು ಅಂದ್ರೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯ್ತು, ಮನುಷ್ಯರಲ್ಲಿ 60 ಕೆಜಿಯವ್ರು 53ಕ್ಕೆ ಇಳಿದಂಗೆ. ಕಣ್ಣಿಗೆ ಇದು ಗೊತ್ತಾಗಲ್ಲ, ದಿನಾ ನೋಡ್ತೀವಲ್ಲ, ಬೆಕ್ಕಾದ್ರಂತೂ ಕೂದಲು ಮುಚ್ಚಿಬಿಡುತ್ತೆ, 4 ಕೆಜಿ ಬೆಕ್ಕು ಅರ್ಧ ಕೆಜಿ ಕಳ್ಕೊಂಡ್ರೆ ಅದೇ ದೊಡ್ಡ ವಿಷಯ. ಕೈಯಲ್ಲಿ ನೋಡೋದಾದ್ರೆ ಬೆನ್ನ ಮೇಲೆ, ಸೊಂಟದ ಮೇಲೆ ಸವರಿ, ಮೂಳೆ ಮುಷ್ಟಿ ಗೆಣ್ಣಿನ ಥರ ಗಟ್ಟಿ ಗಟ್ಟಿ ಸಿಕ್ತಾ ಇದ್ಯಾ ಅಂತ.

ವಯಸ್ಸಾದ ಬೆಕ್ಕು ಹಸಿದು ಹಸಿದು ತಿಂದೂ ಇಳೀತಿದೆ, ರಾತ್ರಿಯೆಲ್ಲ ಕೂಗ್ತಾ ಓಡಾಡ್ತಿದೆ, ಮೊದಲಿಗಿಂತ ಚುರುಕಾಗಿದೆ ಅನ್ಸಿದ್ರೆ ಖುಷಿ ಪಡ್ಬೇಡಿ, ಥೈರಾಯ್ಡ್ ಜಾಸ್ತಿ ಆಗಿರ್ಬಹುದು. ನಾಯಿಗೆ ಉಲ್ಟಾ, ಥೈರಾಯ್ಡ್ ಕಮ್ಮಿ ಆಗುತ್ತೆ, ಕಮ್ಮಿ ತಿಂದ್ರೂ ದಪ್ಪ ಆಗೋದು, ಚಳಿ ತಡೀದೆ ಒಲೆ ಬಿಟ್ಟು ಏಳದೇ ಇರೋದು, ಬಾಲದ ಕೂದಲು ಉದುರಿ ಇಲಿ ಬಾಲದ ಥರ ಆಗೋದು. ಇನ್ನು ಮೈಯೆಲ್ಲ ಇಳಿದು ಹೊಟ್ಟೆ ಮಾತ್ರ ಊದ್ಕೊಂಡಿದ್ರೆ ಅದು ಕೊಬ್ಬಲ್ಲ, ನೀರು ತುಂಬಿರ್ಬಹುದು, ಹಾರ್ಟು, ಲಿವರು, ಹೊಟ್ಟೆಯೊಳಗಿನ ಗಡ್ಡೆ ಯಾವುದೂ ಆಗಿರ್ಬಹುದು, ತಡ ಮಾಡೋ ಹಂಗಿಲ್ಲ.

ಹಾರ್ಟ್ ಅಂದಿದ್ದಕ್ಕೆ ನೆನಪಾಯ್ತು, ಯಾರು ಬೇಕಾದ್ರೂ ಮಾಡ್ಬಹುದಾದ ಒಂದು ಟೆಸ್ಟ್ ಇದೆ, ಒಂದು ರೂಪಾಯಿ ಖರ್ಚಿಲ್ಲ. ನಾಯಿ ಆರಾಮಾಗಿ ನಿದ್ದೆ ಮಾಡ್ತಿರೋವಾಗ ಎದೆ ಏರಿ ಇಳಿಯೋದನ್ನ ಎಣಿಸಿ, ಏರಿ ಇಳಿದ್ರೆ ಒಂದು. ಮೊಬೈಲಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿ ಎರಡ್ರಿಂದ ಗುಣಿಸಿ. ನಿಮಿಷಕ್ಕೆ 30ರೊಳಗೆ ಇರ್ಬೇಕು, ಬೆಕ್ಕಿಗೂ ಹೆಚ್ಚುಕಮ್ಮಿ ಅದೇ ಲೆಕ್ಕ. ಕನಸು ಬಿದ್ದು ಕಾಲು ಒದರ್ತಾ ಇದ್ರೆ ಆ ಲೆಕ್ಕ ಹಿಡೀಬೇಡಿ, ಇನ್ನೊಂದ್ಸಲ ನೋಡಿ. ಎರಡು ಮೂರು ಸಲ ಎಣಿಸಿದಾಗ್ಲೂ 30ರ ಮೇಲೇ ಬರ್ತಿದೆ ಅಂದ್ರೆ ಎದೆಯಲ್ಲಿ ನೀರು ಸೇರ್ತಿರೋ ಸೂಚನೆ ಇರ್ಬಹುದು. ಪಾಮೇರಿಯನ್ ಸಾಕೋ ಮನೆಗಳಲ್ಲಿ ಒಂದು ಮಾತು ಕೇಳ್ತೀನಿ, "ಗಂಟಲಲ್ಲಿ ಮೂಳೆ ಸಿಕ್ಕಂಗೆ ಕೆಮ್ಮುತ್ತೆ, ಕೊನೆಗೆ ಕಕ್ಕಂಗೆ ಮಾಡಿ ನೊರೆ ಉಗುಳುತ್ತೆ" ಅಂತ. ಮೂಳೆ ಕೊಟ್ಟು ತಿಂಗಳಾಗಿರುತ್ತೆ, ಇನ್ನೂ ಮೂಳೆ ಎಲ್ಲಿಂದ ಬಂತು? ಚಿಕ್ಕ ಜಾತಿ ನಾಯಿಗಳಿಗೆ ವಯಸ್ಸಾದ ಮೇಲೆ ಹಾರ್ಟ್ ವಾಲ್ವ್ ಸೋರೋದು ತುಂಬಾ ಸಾಮಾನ್ಯ, ರಾತ್ರಿ ಮಲಗಿದಾಗ, ಖುಷಿಯಾಗಿ ಕುಣಿದಾಗ ಕೆಮ್ಮು ಬರೋದು ಅದಕ್ಕಿರ್ಬಹುದು, ಶ್ವಾಸನಾಳ ಕುಗ್ಗೋದಕ್ಕೂ ಇರ್ಬಹುದು, ಅದು ಯಾವುದು ಅಂತ ಸ್ಟೆತೋಸ್ಕೋಪ್, ಎಕ್ಸ್‌ರೇ ಹೇಳ್ಬೇಕು. ಜೇನುತುಪ್ಪ ಶುಂಠಿ ಹಾಕ್ತಾ ಕೂರ್ಬೇಡಿ.

ವಾರಕ್ಕೊಂದ್ಸಲ ತುಟಿ ಎತ್ತಿ ವಸಡಿನ ಬಣ್ಣ ನೋಡೋ ಅಭ್ಯಾಸ ಇಟ್ಕೊಳ್ಳಿ. ತಿಳಿ ಗುಲಾಬಿ ಇರ್ಬೇಕು, ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಯಾಗಿ ಎರಡು ಸೆಕೆಂಡಲ್ಲಿ ವಾಪಸ್ ಗುಲಾಬಿ ಆಗ್ಬೇಕು. ಸುಣ್ಣದ ಥರ ಬೆಳ್ಳಗಿದ್ರೆ ರಕ್ತ ಕಮ್ಮಿ, ಹಳದಿ ಇದ್ರೆ ಕಾಮಾಲೆ, ನೀಲಿ ಇದ್ರೆ ಉಸಿರಿನ ತೊಂದ್ರೆ. ಊರುನಾಯಿಗಳಿಗೆ ವಸಡೇ ಕಪ್ಪಿರುತ್ತೆ ಎಷ್ಟೋ ಸಲ, ಆಗ ಕಣ್ಣಿನ ಕೆಳರೆಪ್ಪೆ ಒಂಚೂರು ಎಳೆದು ಒಳಭಾಗ ನೋಡಿ. ಆಮೇಲೆ ಜ್ವರದ ವಿಷಯ, ಮೂಗು ಒಣಗಿದ್ರೆ ಜ್ವರ ಅನ್ನೋದು ಸುಳ್ಳು ಲೆಕ್ಕ, ಒಲೆ ಹತ್ರ ಮಲಗಿ ಎದ್ದಿದ್ರೂ ಮೂಗು ಒಣಗಿರುತ್ತೆ. ನಾಯಿ ಬೆಕ್ಕಿನ ಮೈ ಬಿಸಿ ನಮಗಿಂತ ಜಾಸ್ತಿ, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ, 102 ಬಂತು ಅಂತ ಡೋಲೋ ಹಾಕಿಬಿಟ್ಟವರನ್ನ ನೋಡಿದೀನಿ.

ಬಿಳಿ ವಸಡು ಅಂದ್ರೆ ನಮ್ಮ ಕಡೆ ಮೊದ್ಲು ಅನುಮಾನ ಪಡ್ಬೇಕಾಗಿದ್ದು ಉಣುಗಿನ ಮೇಲೆ. ಉಣುಗು ಅಂದ್ರೆ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾಗೋದು ಸಹಜ, 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಅದನ್ನ ಮೊದ್ಲು ಗುರುತಿಸಿದ್ದು. ಅದನ್ನ ಹರಡೋ ಕಾಡಿನ ಉಣುಗು ಬೇರೆ, ನಾಯಿ ಕಿವಿಯೊಳಗೆ, ಬೆರಳಸಂದಿಲಿ, ಮನೆ ಗೋಡೆ ಬಿರುಕಲ್ಲಿ ಸಂಸಾರ ಮಾಡೋ ಕಂದು ಉಣುಗು ಬೇರೆ. ಈ ಕಂದು ಉಣುಗು ನಾಯಿಗೆ ಎರ್ಲಿಕಿಯಾ ಅನ್ನೋ ಕಾಯಿಲೆ ತರುತ್ತೆ, ಇದರ ಮೋಸ ಏನಂದ್ರೆ ಕಚ್ಚಿ ಒಂದೆರಡು ವಾರ ಆದಮೇಲೆ ಜ್ವರ ಬಂದು ಹೋಗಿರುತ್ತೆ, ನಾವು ಮರ್ತಿರ್ತೀವಿ, ರೋಗ ಒಳಗೇ ಕೂತಿದ್ದು ತಿಂಗಳು ವರ್ಷ ಆದಮೇಲೆ ಎದ್ದು ಬರುತ್ತೆ. ಮಂಕು, ತೂಕ ಇಳಿಯೋದು, ವಸಡು ಬಿಳಿ, ಹೊಟ್ಟೆ ಕೆಳಗೆ ಚರ್ಮದಲ್ಲಿ ಕೆಂಪು ಚುಕ್ಕಿ, ಮೂಗಲ್ಲಿ ರಕ್ತ. ಅಷ್ಟು ಹೊತ್ತಿಗೆ ನಾಯಿಗೆ ವಯಸ್ಸೂ ಆಗಿರುತ್ತೆ ನೋಡಿ, ಮತ್ತದೇ ಮಾತು ಶುರು. ಬೇಗ ಗೊತ್ತಾದ್ರೆ ಡಾಕ್ಟ್ರು ಕೊಡೋ ಮಾತ್ರೆಗೆ ವಾಸಿ ಆಗುತ್ತೆ, ಸಾಮಾನ್ಯವಾಗಿ 4 ವಾರದ ಕೋರ್ಸು, ನಾಲ್ಕು ದಿನಕ್ಕೆ ಚೆನ್ನಾಗಾಯ್ತು ಅಂತ ನಿಲ್ಲಿಸ್ಬಾರ್ದು. ಉಣುಗಿನಿಂದ್ಲೇ ಬರೋ ಇನ್ನೊಂದು ಬೆಬೇಸಿಯಾ, ಅದರಲ್ಲಿ ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ ಆಗುತ್ತೆ.

ಮೂಗಲ್ಲಿ ರಕ್ತ ಬಂದಾಗೆಲ್ಲ ಉಣುಗೇ ಅಂತಲೂ ಅಲ್ಲ. ಮಳೆಗಾಲದಲ್ಲಿ ಹಳ್ಳದ ನೀರು ಕುಡಿಯೋ ನಾಯಿಗೆ ಇಂಬಳ ಮೂಗೊಳಗೆ ಹೋಗಿ ಕೂತಿರುತ್ತೆ, ಒಂದೇ ಹೊಳ್ಳೆಲಿ ರಕ್ತ, ಸೀನೋದು, ತಲೆ ಕೊಡವೋದು. ಹಳಬರು ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು ಆಮೇಲೆ ಮೂಗಿನ ಮುಂದೆ ತಣ್ಣೀರಿನ ಬಟ್ಟಲು ಹಿಡೀತಾರೆ, ಕೆಲವೊಮ್ಮೆ ತಲೆ ಹೊರಗೆ ಹಾಕುತ್ತೆ. ಇಂಬಳ ಕಾಣದೆ ರಕ್ತ ಬರ್ತಾನೇ ಇದ್ರೆ, ಒಂದೇ ಕಡೆ ಮೂಗು ಊದ್ಕೊಂಡ್ರೆ ಆಸ್ಪತ್ರೆ.

ಉಣುಗು ಬರಿಗೈಲಿ ಹಿಸುಕ್ಬೇಡಿ, ಸೀಮೆಎಣ್ಣೆ ಹಚ್ಬೇಡಿ. ಬೆಕ್ಕಿರೋ ಮನೇಲಿ ಇನ್ನೊಂದು ಎಚ್ಚರ, ನಾಯಿಗೆ ಅಂತ ಬರೋ ಪರ್ಮೆಥ್ರಿನ್ ಇರೋ ಉಣುಗಿನ ಔಷಧಿ, ದನಕ್ಕೆ ಹಚ್ಚೋ ಔಷಧಿ ಬೆಕ್ಕಿಗೆ ವಿಷ, ಹಚ್ಚಿದ ನಾಯಿ ಪಕ್ಕ ಬೆಕ್ಕು ಮಲಗಿದ್ರೂ ನಡುಕ ಬಂದು ಸಾಯೋವರೆಗೂ ಹೋಗ್ಬಹುದು.

ಕಾಲು ಸಂಧಿ ನೋವು ನಮ್ಮ ಹವೆಗೆ ಬೇಗ ಗೊತ್ತಾಗುತ್ತೆ. ಎದ್ದ ತಕ್ಷಣ ಹತ್ತು ಹೆಜ್ಜೆ ಮರಗಾಲಿನವರ ಥರ ನಡೆದು ಆಮೇಲೆ ಸರಿಹೋಗೋದು, ಜಗಲಿ ಮೆಟ್ಟಿಲ ಹತ್ರ ನಿಂತು ಯೋಚನೆ ಮಾಡೋದು, ಜೀಪಿಗೆ ಹಾರ್ತಿದ್ದಿದ್ದು ಮುಂಗಾಲು ಇಟ್ಟು ನಮ್ಮ ಮುಖ ನೋಡೋದು, ಕಾಲು ಮುಟ್ಟಿದ್ರೆ ಗುರ್ ಅನ್ನೋದು. ನೋವಾದ್ರೆ ಕುಂಯ್ ಅನ್ಬೇಕಿತ್ತಲ್ಲ ಅಂತಾರೆ, ಅನ್ನಲ್ಲ, ಸುಮ್ನೆ ಓಡಾಟ ಕಮ್ಮಿ ಮಾಡುತ್ತೆ ಅಷ್ಟೇ. ಬೆಕ್ಕು ಕುಂಟೋದು ಕಮ್ಮಿ, ಹತ್ತೋದು ಬಿಡುತ್ತೆ. ಅಟ್ಟದ ಮೇಲೆ ಮಲಗ್ತಿದ್ದಿದ್ದು ಅಕ್ಕಿ ಮೂಟೆ ಮೇಲೆ, ಆಮೇಲೆ ಚಾಪೆ ಮೇಲೆ, ಹಿಂಗೆ ಒಂದೊಂದೇ ಮೆಟ್ಟಿಲು ಇಳೀತಾ ಬರುತ್ತೆ, ಬೆನ್ನಿನ ಹಿಂಭಾಗ ನೆಕ್ಕೋಕೆ ಬಗ್ಗೋಕಾಗ್ದೆ ಅಲ್ಲಿ ಕೂದಲು ಗಂಟು ಗಂಟಾಗಿರುತ್ತೆ, ಉಗುರು ಬೆಳೆದು ನಡೆಯೋವಾಗ ಟಕ್ ಟಕ್ ಸದ್ದು. ಇದಕ್ಕೆ ಒಳ್ಳೆ ಔಷಧಿ ಇದೆ, ಆದ್ರೆ ಮನೆ ಡಬ್ಬೀಲಿರೋ ನಮ್ಮ ಮಾತ್ರೆ ಮಾತ್ರ ಬೇಡ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು ಬೆಕ್ಕು ಸಾಯೋಕೆ, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ನಾಯಿಗೆ ಹೊಟ್ಟೆಲಿ ಹುಣ್ಣು ಮಾಡಿ ಕಿಡ್ನಿ ತೆಗೆಯುತ್ತೆ.

ಸಡನ್ನಾಗಿ ತಲೆ ಒಂದು ಕಡೆ ವಾಲಿಸ್ಕೊಂಡು, ಕುಡಿದವರ ಥರ ಸುತ್ತಿ ಸುತ್ತಿ ಬಿದ್ದು, ಕಣ್ಣುಗುಡ್ಡೆ ಆಕಡೆ ಈಕಡೆ ಓಡ್ತಾ ಇದ್ರೆ ಲಕ್ವಾ ಹೊಡೀತು ಅಂತ ಆಸೆ ಬಿಡ್ಬೇಡಿ. ಮುದಿ ನಾಯಿಗಳಿಗೆ ಒಳಕಿವಿಯ ಸಮತೋಲನ ತಪ್ಪಿ ಹಿಂಗಾಗುತ್ತೆ, ಎಷ್ಟೋ ಸಲ ಎರಡು ಮೂರು ದಿನದಲ್ಲಿ ಕಮ್ಮಿ ಆಗ್ತಾ ಎರಡು ವಾರದೊಳಗೆ ಓಡಾಡುತ್ತೆ. ಆದ್ರೆ ಇಲ್ಲಿ ಹಾವಿನ ಕಾಟ ಇರೋದ್ರಿಂದ ಅದನ್ನ ಮನೇಲಿ ತೀರ್ಮಾನ ಮಾಡೋಕೆ ಹೋಗ್ಬೇಡಿ, ಮುಖ ಅಥವಾ ಕಾಲು ಊದಿದ್ಯಾ, ರೆಪ್ಪೆ ಜೋತುಬಿದ್ದಿದ್ಯಾ, ಉಸಿರು ಕಷ್ಟ ಆಗ್ತಿದ್ಯಾ ನೋಡಿ, ಅನುಮಾನ ಇದ್ರೆ ಗಾಡಿ ತೆಗೀರಿ.

ಬಾಯಿ. ವಯಸ್ಸಾದ ನಾಯಿ ಬಾಯಿ ನಾರೋದು ಮಾಮೂಲಿ ಅಂತಾರೆ, ಮಾಮೂಲಿ ಅಲ್ಲ, ಎಷ್ಟೋ ಸಲ ಹಲ್ಲು ಹಾಳಾಗಿರುತ್ತೆ. ಒಂದೇ ಕಡೆ ಅಗಿಯೋದು, ರೊಟ್ಟಿ ಬಾಯಿಗೆ ತಗೊಂಡು ಕೆಳಗೆ ಬೀಳಿಸೋದು, ಕಣ್ಣಿನ ಕೆಳಗೆ ಕೆನ್ನೆ ಊದಿ ಕೀವು ಒಡೆಯೋದು, ಇದು ಕಣ್ಣಿನ ರೋಗ ಅಲ್ಲ, ಮೇಲ್ದವಡೆ ದೊಡ್ಡ ಹಲ್ಲಿನ ಬೇರು ಕೊಳೆತಿರೋದು. ಆದ್ರೆ ಒಂದು ಮಾತು ನೆನಪಿರ್ಲಿ, ನಾಯಿ ಬಾಯಿ ಮುಚ್ಚೋಕಾಗ್ದೆ ಜೊಲ್ಲು ಸುರಿಸ್ತಿದ್ರೆ, ನೀರು ನುಂಗೋಕಾಗ್ತಿಲ್ದಿದ್ರೆ, ಸ್ವಭಾವ ಬದಲಾಗಿದ್ರೆ ಮೂಳೆ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕ್ಬೇಡಿ, ರೇಬೀಸ್ ಇರ್ಬಹುದು. ವಯಸ್ಸಾದ ನಾಯಿಗೆ ಯಾಕೆ ಲಸಿಕೆ ಅಂತ ನಿಲ್ಲಿಸೋರು ತುಂಬಾ ಜನ, ವರ್ಷ ವರ್ಷ ಹಾಕಿಸ್ಲೇಬೇಕು. ಇಲಿಜ್ವರದ ಲಸಿಕೇನೂ ಹಂಗೇ, ಗದ್ದೆ ನೀರು, ಅಟ್ಟದ ಇಲಿ ಎರಡೂ ಇರೋ ಮನೆಗಳು ನಮ್ಮವು, ಅದು ನಾಯಿಯಿಂದ ನಮಗೂ ಬರುತ್ತೆ.

ಕಣ್ಣು ನೀಲಿ ಮಬ್ಬಾಗಿದ್ರೆ ಎಲ್ಲಾನೂ ಪೊರೆ ಅಲ್ಲ. 7-8 ವರ್ಷದ ಮೇಲೆ ಕಣ್ಣಿನ ಮಣಿ ಗಟ್ಟಿಯಾಗಿ ನೀಲಿ ಹೊಗೆ ಥರ ಕಾಣೋದು ನಿಜವಾಗ್ಲೂ ವಯಸ್ಸಿಂದು, ದೃಷ್ಟಿಗೆ ಅಷ್ಟೇನೂ ತೊಂದ್ರೆ ಇಲ್ಲ. ನೋಡುತ್ತಾ ಇಲ್ವಾ ಅಂತ ಗೊತ್ತಾಗೋಕೆ ಹತ್ತಿ ಉಂಡೆ ಕಣ್ಣೆದುರು ಮೇಲಿಂದ ಬಿಡಿ, ಸದ್ದು ಬರಲ್ಲ ವಾಸನೆ ಬರಲ್ಲ, ಕಣ್ಣಿದ್ರೆ ಅದನ್ನ ಹಿಂಬಾಲಿಸುತ್ತೆ. ಕಣ್ಣು ಕೆಂಪಾಗಿ ದಪ್ಪ ಆಗಿ ನೀರು ಸುರೀತಿದ್ರೆ ಅದು ಒಳಗಿನ ಪ್ರೆಶರ್ ಇರ್ಬಹುದು, ಅವತ್ತೇ ತೋರಿಸ್ಬೇಕು. ಕಿವಿ ಕೇಳದೆ ಇರೋದು ನಮ್ಮಲ್ಲಿ ಬರೀ ವಯಸ್ಸಿನ ವಿಷಯ ಅಲ್ಲ, ಚಿರತೆ ಬರೋ ಊರಲ್ಲಿ ಕಿವುಡು ನಾಯಿನ ರಾತ್ರಿ ಹೊರಗೆ ಬಿಟ್ರೆ ಬೆಳಿಗ್ಗೆ ಬರೀ ಚೈನು ಸಿಗುತ್ತೆ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಕಿವಿ ತಿರುಗಿಸ್ತಾ ನೋಡಿ, ಇಲ್ಲ ಅಂದ್ರೆ ಒಳಗೆ ಮಲಗಿಸಿ.

ಸ್ನಾನ ಮಾಡಿಸೋವಾಗ ಮೈಯೆಲ್ಲ ಕೈಯಾಡಿಸಿ ಗಂಟು ಹುಡುಕಿ, ಹೆಣ್ಣಿಗೆ ಮೊಲೆ ಸಾಲಿನ ಉದ್ದಕ್ಕೂ ಒಂದೊಂದೇ ಒತ್ತಿ ನೋಡಿ, ಕಡ್ಲೆಕಾಳಿನಷ್ಟು ಗಟ್ಟಿ ಸಿಕ್ರೂ ತೋರಿಸಿ. ಮೆತ್ತಗೆ ಚರ್ಮದ ಕೆಳಗೆ ಜಾರೋ ಗಂಟು ಎಷ್ಟೋ ಸಲ ಬರೀ ಕೊಬ್ಬು, ಆದ್ರೆ ಮುಟ್ಟಿ ಹೇಳೋಕಾಗಲ್ಲ, ಡಾಕ್ಟ್ರು ಸೂಜಿ ಹಾಕಿ ಒಂದು ಹನಿ ತೆಗೆದು ನೋಡ್ತಾರೆ. ಬಿಡಾಡಿಯಾಗಿ ತಿರುಗೋ ನಾಯಿಗೆ ಜನನಾಂಗದಿಂದ ಹನಿಹನಿ ರಕ್ತ ಬೀಳ್ತಿದ್ರೆ, ಹೂಕೋಸಿನ ಥರ ಗಡ್ಡೆ ಕಂಡ್ರೆ, ಅದು ನಾಯಿಯಿಂದ ನಾಯಿಗೆ ಹರಡೋ ಗಡ್ಡೆ, ನೋಡೋಕೆ ಭಯ ಆಗುತ್ತೆ, ಆದ್ರೆ ಇಂಜೆಕ್ಷನ್ನಿಗೆ ಚೆನ್ನಾಗಿ ವಾಸಿ ಆಗೋ ಗಡ್ಡೆಗಳಲ್ಲಿ ಇದೂ ಒಂದು. ಆಪರೇಷನ್ ಆಗದ ಮುದಿ ಗಂಡುನಾಯಿ ಕಕ್ಕಸಿಗೆ ತಿಣುಕ್ತಾ ಇದ್ರೆ ಉಚ್ಚೆಚೀಲದ ಹತ್ರ ಇರೋ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರ್ಬಹುದು.

ನಡುರಾತ್ರಿ ಎದ್ದು ಗೋಡೆ ನೋಡ್ಕೊಂಡು ನಿಲ್ಲೋದು, ಬಾಗಿಲಿನ ಕೀಲಿನ ಕಡೆ ಹೋಗಿ ತೆಗೀಲಿ ಅಂತ ಕಾಯೋದು, ಕಾರಣ ಇಲ್ದೆ ಬೊಗಳೋದು, ದೆವ್ವ ಕಂಡಿದೆ ಅಂತ ನಮ್ಮೂರಲ್ಲಿ ಹೇಳ್ತಾರೆ, ಅಮಾವಾಸ್ಯೆ ಹತ್ರ ಇದ್ರಂತೂ ಕೇಳೋದೇ ಬೇಡ. ಮನುಷ್ಯರಿಗೆ ಬರೋ ಅರಳುಮರಳು ಇವಕ್ಕೂ ಬರುತ್ತೆ. ಆದ್ರೆ ಅದೇ ಅಂತ ಹೇಳೋ ಮುಂಚೆ ನೋವು, ಕಣ್ಣು, ಕಿವಿ, ಬೆಕ್ಕಾದ್ರೆ ಬಿಪಿ ಥೈರಾಯ್ಡ್ ಎಲ್ಲ ನೋಡಿ ಅಲ್ಲ ಅನ್ನಿಸ್ಕೊಂಡಿರ್ಬೇಕು.

ಬೆಳಗಾಗ್ಲಿ ಅಂತ ಕಾಯ್ಬಾರದ್ದು ಇಷ್ಟು. ಬೆಕ್ಕು ಬಾಯಿ ತೆಗೆದು ಏದುಸಿರು ಬಿಡೋದು. ಗಂಡುಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿ ಒಂದು ಹನೀನೂ ಉಚ್ಚೆ ಬರದೆ ಇರೋದು, ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಿ ಕಳ್ಕೊಂಡವರಿದಾರೆ, ಒಂದೆರಡು ದಿನದಲ್ಲಿ ಸಾಯುತ್ತೆ. ದೊಡ್ಡ ನಾಯಿ ಹೊಟ್ಟೆ ಡೋಲಿನ ಥರ ಊದಿ ವಾಂತಿ ಬಂದಂಗೆ ಮಾಡಿ ಏನೂ ಬರದೆ ಇರೋದು. ಫಿಟ್ಸ್ ನಿಲ್ಲದೆ ಬರೋದು, ವಸಡು ಬೆಳ್ಳಗಾಗಿ ಕುಸಿದು ಬೀಳೋದು. ಔಷಧಿ ಹೊಡೆಸೋ ಕಾಲದಲ್ಲಿ ಮೈಲುತುತ್ತದ ಡ್ರಮ್ಮಿಗೆ ಬಾಯಿ ಹಾಕಿ ವಾಂತಿ ಮಾಡ್ತಿದ್ರೆ ಅದೂನೂ. ಇನ್ನು ಬೆಕ್ಕು ಎರಡು ದಿನ ಏನೂ ತಿಂದಿಲ್ಲ ಅಂದ್ರೆ ಅಷ್ಟೇ ಸಾಕು ಕಾರಣ, ದಪ್ಪ ಬೆಕ್ಕಿಗಂತೂ ಉಪವಾಸಕ್ಕೇ ಲಿವರ್ ಕೆಡುತ್ತೆ.

ನಮ್ಮ ಕಡೆ ಡಾಕ್ಟ್ರ ಹತ್ರ ಹೋಗೋದು ಅಂದ್ರೆ ಅರ್ಧ ದಿನದ ಕೆಲಸ, ಅದಕ್ಕೇ ಹೋಗೋವಾಗ ಕೈ ಬೀಸ್ಕೊಂಡು ಹೋಗ್ಬೇಡಿ. ಕೆಮ್ಮು, ಕುಂಟೋದು, ರಾತ್ರಿ ಕೂಗೋದು ಎಲ್ಲ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, ಆಸ್ಪತ್ರೆ ಟೇಬಲ್ ಹತ್ತಿದ ಕೂಡ್ಲೇ ಯಾವ ನಾಯೀನೂ ಕೆಮ್ಮಲ್ಲ ಕುಂಟಲ್ಲ. ಬೆಳಗಿನ ಮೊದಲ ಉಚ್ಚೆ ತೊಳೆದ ಸೌಟಲ್ಲಿ ಹಿಡಿದು ಸಣ್ಣ ಬಾಟ್ಲಿಗೆ ಹಾಕಿ ಒಯ್ಯಿರಿ (ಸೌಟು ಆಮೇಲೆ ಅಡಿಗೆಮನೆಗೆ ತರ್ಬೇಡಿ, ನಮ್ಮನೇಲಿ ದೊಡ್ಡ ಗಲಾಟೆ ಆಗಿತ್ತು). ಏನೇನು ಮಾತ್ರೆ ಮನೇಲಿ ಕೊಟ್ಟಿದ್ರಿ ಅಂತ ಮುಚ್ಚಿಡದೆ ಹೇಳಿ. ತಾಲೂಕಿನ ದನದ ಆಸ್ಪತ್ರೇಲಿ ರಕ್ತ, ಎಕ್ಸ್‌ರೇ ಆಗ್ಲಿಲ್ಲ ಅಂದ್ರೆ ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿದೆ. ಏನೂ ತೊಂದ್ರೆ ಇಲ್ದಿದ್ರೂ 8 ದಾಟಿದ ಮೇಲೆ ವರ್ಷಕ್ಕೊಂದ್ಸಲ ರಕ್ತ ಉಚ್ಚೆ ಟೆಸ್ಟ್ ಮಾಡಿಸಿ, ಕಾಳಂಗೆ ಅದೊಂದು ಮಾಡಿಸಿದ್ರೆ ಬೇಸಿಗೆಲೇ ಗೊತ್ತಾಗ್ತಿತ್ತೇನೋ, ಗೊತ್ತಾಗಿದ್ರೆ ಊಟ ಬದಲಾಯಿಸಿ ಇನ್ನೊಂದಷ್ಟು ಕಾಲ ಇರ್ತಿದ್ದ.

ಡೈರಿಗೆ ಹಾಲು ಹಾಕಿದ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ನಾನು ಇವರ ಲೆಕ್ಕಾನೂ ಬರೆಯೋದು, ಬೇರೆ ಪುಸ್ತಕ ಇಟ್ರೆ ನಾಲ್ಕು ದಿನಕ್ಕೆ ಕಳೆದುಹೋಗುತ್ತೆ. ಈ ತಿಂಗಳು ಬೆಳ್ಳಿ 17 ಕೆಜಿ 800 ಗ್ರಾಂ, ನಿದ್ದೇಲಿ ಉಸಿರು 20, ನೀರು ಮುಕ್ಕಾಲು ಲೀಟರ್ ಮೇಲೆ ಒಂಚೂರು. ಸೋಮು ತೂಕಕ್ಕೆ ಸಿಗ್ಲಿಲ್ಲ, ಬುಟ್ಟಿ ನೋಡಿದವನೇ ಏಣಿ ಮೆಟ್ಟಿಲೂ ಮುಟ್ಟದೆ ಅಕ್ಕಿ ಮೂಟೆಯಿಂದ ಸೀದಾ ಅಟ್ಟಕ್ಕೆ ಹಾರಿ ಕೂತ. ಅವನ ಖಾನೇಲಿ "ಅಟ್ಟ ಹತ್ತಿದ" ಅಂತ ಬರೆದೆ.